ವಾಯಿದೆಯ ರಾಜಕೀಯ

(ಉಡುಪಿಯಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಹಿಂದೆ ಮುಂದೆ ಆದದ್ದನ್ನು ಸ್ವಲ್ಪ ಸರಿಮಾಡಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಭ್ರಷ್ಟಾಚಾರದ ಬಗ್ಗೆ ಮಾತಾಡಬೇಕು ಅಂತ ಕರೆದರು. ಅದು ಕೆಟ್ಟದ್ದು ಅಂತ ಹೇಳುವುದಕ್ಕೆ ನಾನು ಬರಬೇಕಾಗಿರಲಿಲ್ಲ. ಎಲ್ಲ ಪಕ್ಷದವರೂ ಅದನ್ನು ಹೇಳುತ್ತಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ನನಗೆ ಗೊತ್ತಿರುವುದು ಒಂದೇ ವಿಷಯ. ಕೇಸು ದಾಖಲಾದ ಮೇಲೆ, ಪತ್ರಿಕೆಯವರು ಎದ್ದು ಹೋದ ಮೇಲೆ ಏನಾಗುತ್ತದೆ ಎಂಬುದು.

ನಮ್ಮ ರಾಜಕೀಯದಲ್ಲಿ ಕೇಸು ಶುರುವಾಗುವುದಕ್ಕೆ ಇರುವ ಬೆಲೆ ಮುಗಿಯುವುದಕ್ಕೆ ಇಲ್ಲ. ಎಫ್‌ಐಆರ್ ಆದ ದಿನ ಅರ್ಧ ಊರಿಗೆ ಆತ ಕಳ್ಳ. ಉಳಿದರ್ಧ ಊರಿಗೆ ಅದು ಸೇಡಿನ ರಾಜಕೀಯ. ಎರಡೂ ಕಡೆಯವರು ತೀರ್ಪು ಕೊಟ್ಟಾಯಿತು. ಇನ್ನು ಕೋರ್ಟು ತೀರ್ಪು ಕೊಟ್ಟರೆಷ್ಟು, ಬಿಟ್ಟರೆಷ್ಟು? ಯಕ್ಷಗಾನದಲ್ಲಿ ಪಾತ್ರಗಳು ಪ್ರವೇಶಿಸುವ ಒಡ್ಡೋಲಗ ಮುಗಿದ ಕೂಡಲೇ ಎದ್ದು ಮನೆಗೆ ಹೋಗುವ ಪ್ರೇಕ್ಷಕರ ಹಾಗೆ ನಾವು. ಇದರಿಂದ ಆರೋಪಿಗೆ ಲಾಭ, ಅದು ಎಲ್ಲರಿಗೂ ಗೊತ್ತು. ಆದರೆ ಆರೋಪ ಹೊರಿಸಿದವರಿಗೂ ಲಾಭ. ಕೇಸು ಮುಗಿದರೆ ಭಾಷಣದ ವಿಷಯವೂ ಮುಗಿಯುತ್ತದೆ. ಬಾಕಿ ಇದ್ದರೆ ಮುಂದಿನ ಚುನಾವಣೆಗೂ ಬರುತ್ತದೆ, ಅದರ ಮುಂದಿನದಕ್ಕೂ ಬರುತ್ತದೆ. ಇವತ್ತು ನನಗೆ ಹೇಳಲಿಕ್ಕಿರುವುದು ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಉದಾಹರಣೆ.

ಮೊದಲು ಸಣ್ಣ ಕೇಸು ನೋಡೋಣ. ನಮ್ಮ ಕಡೆ ಮನೆ ಕಟ್ಟಲು ಹೊರಟವರಿಗೆಲ್ಲ ನೈನ್-ಇಲೆವನ್ ಗೊತ್ತು. ಪಂಚಾಯತಿನ ಆಸ್ತಿ ದಾಖಲೆಯ ನಮೂನೆ 9 ಮತ್ತು 11. ಅದಕ್ಕೆ ಮೊದಲು ಕನ್ವರ್ಷನ್, ಸರ್ವೆ, ನಕ್ಷೆ. ಎಲ್ಲೋ ಒಂದು ಮೇಜಿನ ಹತ್ತಿರ ಫೈಲು ನಿಲ್ಲುತ್ತದೆ. ಅಲ್ಲಿ ಒಬ್ಬರು ಇಷ್ಟು ಅಂತ ಹೇಳುತ್ತಾರೆ. ಅರ್ಜಿದಾರ ಸಿಟ್ಟಿನಲ್ಲಿ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗುತ್ತಾನೆ. ನೋಟುಗಳ ನಂಬರು ಬರೆದುಕೊಳ್ಳುತ್ತಾರೆ, ಅದಕ್ಕೆ ಫಿನಾಫ್ತಲೀನ್ ಪುಡಿ ಹಚ್ಚುತ್ತಾರೆ. ಬೇರೆ ಇಲಾಖೆಯ ಇಬ್ಬರು ನೌಕರರು ಪಂಚರು, ಅಂದರೆ ಸಾಕ್ಷಿಗಳು. ದುಡ್ಡು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರು ಬಾಟಲಿಗೆ ಹೋಗಿ, ಸೀಲು ಹಾಕಿ, ಮಹಜರು ಆಗಿ, ಕೋರ್ಟಿನ ಕಪಾಟಿಗೆ ಬರುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಲೋಕಾಯುಕ್ತ ಬಲೆಗೆ’ ಎಂಬ ಸುದ್ದಿ.

ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಕೆಲಸ ಅಲ್ಲಿಂದ ಶುರು. ಚಾರ್ಜ್‌ಶೀಟನ್ನು ಕೋರ್ಟು ಕೈಗೆತ್ತಿಕೊಳ್ಳಬೇಕಾದರೆ ಆ ನೌಕರನ ಮೇಲಧಿಕಾರಿಯ ಅನುಮತಿ ಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್. ಅನುಮತಿ ಕೊಟ್ಟವರೂ ಬಂದು ಸಾಕ್ಷಿ ಹೇಳಬೇಕು, ತಾನು ಕಾಗದ ಓದಿಯೇ ಸಹಿ ಹಾಕಿದೆ ಅಂತ. ಅಷ್ಟರಲ್ಲಿ ಅವರು ವರ್ಗವಾಗಿರುತ್ತಾರೆ, ಇಲ್ಲವೇ ನಿವೃತ್ತರಾಗಿರುತ್ತಾರೆ. ದೂರುದಾರನಿಗೆ ಮನೆ ಎದ್ದಿರುತ್ತದೆ, ಸಿಟ್ಟು ಇಳಿದಿರುತ್ತದೆ. ಅದೇ ಕಚೇರಿಗೆ ಇನ್ನೊಂದು ಕೆಲಸಕ್ಕೆ ಹೋಗಬೇಕಾಗಿರುತ್ತದೆ. ಕಟಕಟೆಯಲ್ಲಿ ನಿಂತು ‘ನೆನಪಿಲ್ಲ ಸ್ವಾಮಿ’ ಅನ್ನುತ್ತಾನೆ. ಕಪಾಟಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರೆ ಗುಲಾಬಿ ಬಣ್ಣವೂ ಮಾಸಿರುತ್ತದೆ. ನಾನು ಇಂಥ ಬಾಟಲಿಗಳನ್ನು ಬೇಕಾದಷ್ಟು ನೋಡಿದ್ದೇನೆ.

2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಇದಕ್ಕೆ ಒಂದು ದಾರಿ ತೋರಿಸಿತು. ದೂರುದಾರ ಸತ್ತರೂ, ಉಲ್ಟಾ ಹೊಡೆದರೂ, ಉಳಿದ ಸಾಕ್ಷ್ಯಗಳಿಂದ ಲಂಚ ಕೇಳಿದ್ದನ್ನು ಸಾಬೀತು ಮಾಡಬಹುದು ಅಂತ. ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಒಳ್ಳೆಯ ತೀರ್ಪು. ಆದರೆ ಉಳಿದ ಸಾಕ್ಷ್ಯ ಉಳಿಯಬೇಕಾದರೂ ವಿಚಾರಣೆ ಬೇಗ ಆಗಬೇಕಲ್ವಾ?

ಇನ್ನು ದೊಡ್ಡ ಕೇಸು. ಕೊನೆ ಮುಟ್ಟಿದ ದೊಡ್ಡ ಕೇಸು ಯಾವುದಾದರೂ ಇದೆಯಾ ಅಂತ ಕೇಳಿದರೆ ನಾನು ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸು ಅನ್ನುತ್ತೇನೆ. ಅದು ತಮಿಳುನಾಡಿನದು. ಆದರೆ ಅದನ್ನು ಮುಗಿಸಿದ್ದು ಕರ್ನಾಟಕ. ಇನ್ನೂ ಹತ್ತಿರ ಬಂದು ನೋಡಿದರೆ, ಅದರಲ್ಲಿ ನಮ್ಮ ಕರಾವಳಿಯ ಇಬ್ಬರ ಪಾತ್ರ ದೊಡ್ಡದು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಒಂದು ಕೇಸು ಎಲ್ಲೆಲ್ಲಿ ಸಾಯಬಹುದು ಎಂಬುದು ಇದರಲ್ಲಿ ಕಾಣುತ್ತದೆ.

1991ರಿಂದ 1996ರವರೆಗೆ ಅವರು ಮುಖ್ಯಮಂತ್ರಿ. ಆ ಅವಧಿಯಲ್ಲಿ ಆದಾಯಕ್ಕೆ ಮೀರಿ ಸುಮಾರು 66 ಕೋಟಿ ರೂಪಾಯಿ ಆಸ್ತಿ ಮಾಡಿದ ಆರೋಪ. 1997ರಲ್ಲಿ ಚೆನ್ನೈಯಲ್ಲಿ ಚಾರ್ಜ್‌ಶೀಟ್ ಆಯಿತು, ಸಾಕ್ಷಿಗಳ ವಿಚಾರಣೆಯೂ ನಡೆಯಿತು. 2001ರಲ್ಲಿ ಅವರ ಪಕ್ಷ ಮತ್ತೆ ಗೆದ್ದಿತು. ಈಗ ಪ್ರಾಸಿಕ್ಯೂಷನ್ ನಡೆಸುವ ಸರ್ಕಾರವೂ ಅವರದೇ. ಆಗಲೇ ಸಾಕ್ಷಿ ಹೇಳಿ ಹೋಗಿದ್ದ 76 ಮಂದಿಯನ್ನು ಮತ್ತೆ ಪಾಟಿಸವಾಲಿಗೆ ಕರೆದರು. 64 ಮಂದಿ ಮಾತು ಬದಲಿಸಿದರು. ಸರ್ಕಾರಿ ವಕೀಲರು ತಕರಾರು ಮಾಡಲೇ ಇಲ್ಲ. ಇದನ್ನೆಲ್ಲ ಸುಪ್ರೀಂ ಕೋರ್ಟು ಬರೆದಿಟ್ಟಿದೆ. ಡಿಎಂಕೆಯ ಕೆ. ಅನ್ಬಳಗನ್ ಅರ್ಜಿಯ ಮೇಲೆ 2003ರ ನವೆಂಬರ್‌ನಲ್ಲಿ ಕೇಸು ಬೆಂಗಳೂರಿಗೆ ಬಂತು.

ಇಲ್ಲಿ ವಿಶೇಷ ಸರ್ಕಾರಿ ವಕೀಲರಾದವರು ಬಿ.ವಿ. ಆಚಾರ್ಯ. ಮೂಲ ನಮ್ಮ ಉಡುಪಿ ಕಡೆಯವರು. ತಮಿಳು ದಾಖಲೆಗಳ ಅನುವಾದವೇ ಒಂದು ದೊಡ್ಡ ಕತೆ. ತಕರಾರು ಅರ್ಜಿಗಳು ಇನ್ನೊಂದು ಕತೆ. ಒಂದು ಅರ್ಜಿ ಬಿದ್ದರೆ ಹೈಕೋರ್ಟು, ಅಲ್ಲಿ ಬಿದ್ದರೆ ಸುಪ್ರೀಂ ಕೋರ್ಟು. 2011ರಲ್ಲಿ ಜಯಲಲಿತಾ ಅವರು ಮುಖ್ಯಮಂತ್ರಿಯಾಗಿದ್ದೇ ಬೆಂಗಳೂರಿಗೆ ಬಂದು ಕೋರ್ಟಿನಲ್ಲಿ 1,339 ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆಚಾರ್ಯರು ಆಗ ರಾಜ್ಯದ ಅಡ್ವೊಕೇಟ್ ಜನರಲ್ ಕೂಡ ಆಗಿದ್ದರು. ಎರಡರಲ್ಲಿ ಒಂದನ್ನು ಬಿಡಬೇಕು ಅಂದಾಗ ಅವರು ಬಿಟ್ಟದ್ದು ದೊಡ್ಡ ಹುದ್ದೆಯನ್ನು. ಕೇಸನ್ನು ಇಟ್ಟುಕೊಂಡರು. ಕೊನೆಗೆ 2012ರಲ್ಲಿ ಅದರಿಂದಲೂ ಹೊರಬಂದರು.

ತೀರ್ಪು ಬಂದದ್ದು 2014ರ ಸೆಪ್ಟೆಂಬರ್ 27ಕ್ಕೆ, ಪರಪ್ಪನ ಅಗ್ರಹಾರದಲ್ಲಿ. ಕೊಟ್ಟವರು ಮಂಗಳೂರಿನವರಾದ ಜಾನ್ ಮೈಕೆಲ್ ಕುನ್ಹಾ. 4 ವರ್ಷ ಜೈಲು, 100 ಕೋಟಿ ದಂಡ. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯೊಬ್ಬರು ಶಿಕ್ಷೆಯಾಗಿ ಸ್ಥಾನ ಕಳೆದುಕೊಂಡದ್ದು ದೇಶದಲ್ಲಿ ಅದೇ ಮೊದಲು.

2015ರ ಮೇ 11ಕ್ಕೆ ಹೈಕೋರ್ಟು ಎಲ್ಲರನ್ನೂ ಬಿಡುಗಡೆ ಮಾಡಿತು. ಹೆಚ್ಚುವರಿ ಆಸ್ತಿ ಆದಾಯದ ಶೇ. 8.12 ಮಾತ್ರ, ಶೇ. 10ರ ಒಳಗೆ ಇದ್ದರೆ ಮನ್ನಿಸಬಹುದು ಅಂತ. ತೀರ್ಪಿನಲ್ಲಿ ಸಾಲಗಳ ಒಂದು ಪಟ್ಟಿ ಇತ್ತು. ಅದರ ಮೊತ್ತ 24 ಕೋಟಿ 17 ಲಕ್ಷ ಅಂತ ಬರೆದಿತ್ತು. ಕೂಡಿಸಿ ನೋಡಿದರೆ ಬರುವುದು 10 ಕೋಟಿ 67 ಲಕ್ಷ! ಹದಿಮೂರೂವರೆ ಕೋಟಿ ವ್ಯತ್ಯಾಸ. ಸರಿ ಲೆಕ್ಕ ಹಾಕಿದರೆ ಶೇ. 8 ಹೋಗಿ ಶೇ. 76 ಆಗುತ್ತದೆ ಅಂತ ಆಚಾರ್ಯರು ತೋರಿಸಿಕೊಟ್ಟರು. ಕಿರಾಣಿ ಅಂಗಡಿಯ ಹುಡುಗನೂ ಎರಡು ಸಲ ಕೂಡಿಸುತ್ತಾನೆ ಮಾರಾಯ್ರೆ. ಕರ್ನಾಟಕ ಮೇಲ್ಮನವಿ ಹಾಕಿತು. 2017ರ ಫೆಬ್ರವರಿ 14ಕ್ಕೆ ಸುಪ್ರೀಂ ಕೋರ್ಟು ಕುನ್ಹಾ ಅವರ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಸಹ ಆರೋಪಿಗಳಾಗಿದ್ದ ಶಶಿಕಲಾ ಮತ್ತಿತರರು ಜೈಲಿಗೆ ಹೋದರು. ಜಪ್ತಿಯಾದ ಸುಮಾರು 27 ಕೆ.ಜಿ. ಚಿನ್ನದ ಒಡವೆ ತಮಿಳುನಾಡಿಗೆ ಹೋದದ್ದು 2025ರಲ್ಲಿ. ಅಷ್ಟು ವರ್ಷ ಅದಕ್ಕೆ ಲೆಕ್ಕ, ಪಟ್ಟಿ, ಸೀಲು, ಕಾವಲು ಇಟ್ಟ ಸಿಬ್ಬಂದಿಯ ಕಷ್ಟ ನಮ್ಮಂಥವರಿಗೇ ಗೊತ್ತು.

ಇದರಲ್ಲಿ ಗಮನಿಸಬೇಕಾದ್ದು ಏನು? ಆ ಕೇಸನ್ನು ಮುಗಿಸಿದ್ದು ಯಾವ ಪಕ್ಷವೂ ಅಲ್ಲ, ಯಾವ ಧರಣಿಯೂ ಅಲ್ಲ. ಕೇಸು ಆರೋಪಿಯ ಕೈಗೆ ಸಿಗದ ಊರಿಗೆ ಹೋಯಿತು. ಸರ್ಕಾರಿ ವಕೀಲರು ಗಟ್ಟಿಯಾಗಿದ್ದರು. ನ್ಯಾಯಾಧೀಶರು ಕೂತು ಕೇಳಿದರು. ಇಷ್ಟಿದ್ದೂ 20 ವರ್ಷ ಹಿಡಿಯಿತು.

ಈಗ ನಮ್ಮ ಮನೆಯ ಕತೆ. ಕರ್ನಾಟಕದ ಲೋಕಾಯುಕ್ತ ಕಾಯ್ದೆ 1984ರದು. ಅದಕ್ಕೆ ದೇಶದಲ್ಲೇ ಹೆಸರು ತಂದವರು ನ್ಯಾಯಮೂರ್ತಿ ವೆಂಕಟಾಚಲ, ಆಮೇಲೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. ಹೆಗ್ಡೆಯವರು ಕಾರ್ಕಳ ತಾಲೂಕಿನ ಮನೆತನದವರು. ಅವರ ತಂದೆ ಕೆ.ಎಸ್. ಹೆಗ್ಡೆ 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿದ್ದರು. ಸರ್ಕಾರ ಮೂವರು ಹಿರಿಯರನ್ನು ಬಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರಲ್ಲಿ ಇವರೂ ಒಬ್ಬರು. ಮೂವರೂ ರಾಜೀನಾಮೆ ಕೊಟ್ಟರು. ಇವರು ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಅಕ್ರಮ ಗಣಿಗಾರಿಕೆ ಕುರಿತು ಮಗ ಸಂತೋಷ್ ಹೆಗ್ಡೆಯವರ ವರದಿ ಬಂದದ್ದು 2011ರ ಜುಲೈಯಲ್ಲಿ. ರಾಜ್ಯಕ್ಕೆ 16,000 ಕೋಟಿಗೂ ಹೆಚ್ಚು ನಷ್ಟ ಅಂತ ಅಂದಾಜು. ಬಳ್ಳಾರಿಯ ಅದಿರು ನಮಗೆ ದೂರದ ಸುದ್ದಿ ಆಗಿರಲಿಲ್ಲ. ಶಿರಾಡಿ ಘಾಟಿಯಲ್ಲಿ ಅದಿರಿನ ಲಾರಿಗಳ ಹಿಂದೆ ಬಸ್ಸಿನಲ್ಲಿ ಕೂತವರು ಇಲ್ಲೇ ಇದ್ದೀರಿ. ರಸ್ತೆ ಹೋಯಿತು, ಬಟ್ಟೆ ಕೆಂಪಾಯಿತು. ಲಾರಿಗಳು ಹೋಗುತ್ತಿದ್ದದ್ದು ಪಣಂಬೂರಿನ ಬಂದರಿಗೆ. ಇನ್ನೊಂದು ದಿಕ್ಕಿನಲ್ಲಿ ಅಂಕೋಲದ ಬೇಲೆಕೇರಿ ಬಂದರಿಗೆ.

ವರದಿಯಿಂದ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಆಗ ಉಡುಪಿ-ಚಿಕ್ಕಮಗಳೂರು ಸಂಸದರಾಗಿದ್ದ ಸದಾನಂದ ಗೌಡರು ಮುಖ್ಯಮಂತ್ರಿ ಆದರು. 2016ರಲ್ಲಿ ಸಿಬಿಐ ವಿಶೇಷ ಕೋರ್ಟು ಯಡಿಯೂರಪ್ಪನವರನ್ನು ಖುಲಾಸೆ ಮಾಡಿತು. 2019ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾಗಿ ಎರಡು ವರ್ಷ ಆಳಿದರು. ಬೇಲೆಕೇರಿಯಲ್ಲಿ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಹಡಗು ಹತ್ತಿ ಹೋಯಿತು. ಜಪ್ತಿಯಾದ ಅದಿರು! ಆ ಕೇಸಿನಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ ಶಿಕ್ಷೆಯಾದದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅದು ಕಾನೂನಿನಲ್ಲಿ ಇರುವುದೇ, ನಾನು ಆಕ್ಷೇಪಿಸುವುದಿಲ್ಲ. ಆದರೆ 14 ವರ್ಷ ನೋಡಿ. ಆಗ ಒಂದನೇ ಕ್ಲಾಸಿನಲ್ಲಿದ್ದ ಮಗು ವೋಟು ಹಾಕುವ ವಯಸ್ಸಿಗೆ ಬಂದಿದೆ.

2010ರಲ್ಲಿ ಕಾಂಗ್ರೆಸ್ಸಿನವರು ಗಣಿ ಲೂಟಿಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದರು. 2024ರಲ್ಲಿ ಬಿಜೆಪಿ, ಜೆಡಿಎಸ್‌ನವರು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ವಿಷಯದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಪಾದಯಾತ್ರೆ ಮಾಡಿದರು. ಮುಂದೆ ನಡೆದವರಿಗೆ ಎರಡು ಸಲವೂ ರಾಜಕೀಯ ಲಾಭ ಸಿಕ್ಕಿತೋ ಏನೋ. ಮುಡಾದಲ್ಲಿ ರಾಜ್ಯಪಾಲರ ಅನುಮತಿ, ಹೈಕೋರ್ಟಿನ ಒಪ್ಪಿಗೆ, ಲೋಕಾಯುಕ್ತ ತನಿಖೆ ಎಲ್ಲ ಆಗಿ, 2025ರ ಫೆಬ್ರವರಿಯಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ಸಾಕ್ಷ್ಯ ಇಲ್ಲ ಅಂತ ಪೊಲೀಸರು ಬಿ ರಿಪೋರ್ಟ್, ಅಂದರೆ ಕೇಸು ಮುಚ್ಚುವ ವರದಿ, ಹಾಕಿದರು. ಅದು ಸರಿಯೋ ತಪ್ಪೋ ಹೇಳುವುದು ಕೋರ್ಟಿನ ಕೆಲಸ. ನನ್ನ ಪ್ರಶ್ನೆ ಬೇರೆ. ಲೋಕಾಯುಕ್ತ ಪೊಲೀಸರನ್ನು ವರ್ಗ ಮಾಡುವವರು ಯಾರು? ಸರ್ಕಾರ. ಹೀಗಿರುವಾಗ ಅವರು ತಪ್ಪಿಲ್ಲ ಅಂದರೂ ಜನ ನಂಬುವುದಿಲ್ಲ. ನಿಜವಾಗಿ ನಿರಪರಾಧಿ ಆಗಿದ್ದವರಿಗೂ ಇದರಿಂದ ಅನ್ಯಾಯವೇ.

2016ರಲ್ಲಿ ಕಾಂಗ್ರೆಸ್ ಸರ್ಕಾರ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತು ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಮಾಡಿತು. ಅದನ್ನು ಬೈದ ಬಿಜೆಪಿಯವರು ಅಧಿಕಾರಕ್ಕೆ ಬಂದ ಮೇಲೆ ಮೂರು ವರ್ಷ ಹಾಗೇ ಇಟ್ಟುಕೊಂಡರು. ಅದನ್ನು ರದ್ದು ಮಾಡಿದ್ದು 2022ರ ಆಗಸ್ಟಿನಲ್ಲಿ ಹೈಕೋರ್ಟು. ಪಕ್ಷಗಳ ನಡುವೆ ಎಷ್ಟು ಒಮ್ಮತ ನೋಡಿ.

ಈಗ ಸದನದ ಗದ್ದಲ. 2010ರ ಚಳಿಗಾಲದ ಅಧಿವೇಶನ ನೆನಪಿದೆಯಾ? 2ಜಿ ತರಂಗಾಂತರ ಹಂಚಿಕೆಯ ಹಗರಣಕ್ಕೆ ಜಂಟಿ ಸಂಸದೀಯ ಸಮಿತಿ ಬೇಕು ಅಂತ ಬಿಜೆಪಿ, ಕೊಡುವುದಿಲ್ಲ ಅಂತ ಕಾಂಗ್ರೆಸ್. ಇಡೀ ಅಧಿವೇಶನ ಹೋಯಿತು. 2011ರಲ್ಲಿ ಸಮಿತಿ ಆಯಿತು. ಅದರ ವರದಿಯಲ್ಲಿ ಏನಿತ್ತು ಅಂತ ಇಲ್ಲಿ ಯಾರಿಗಾದರೂ ನೆನಪಿದ್ದರೆ ಕೈ ಎತ್ತಿ. (ಯಾರೂ ಎತ್ತಲಿಲ್ಲ.) ಸುಪ್ರೀಂ ಕೋರ್ಟು 2012ರಲ್ಲಿ 122 ಲೈಸೆನ್ಸ್ ರದ್ದು ಮಾಡಿತು. 2017ರಲ್ಲಿ ವಿಶೇಷ ಕೋರ್ಟು ಹಿಂದಿನ ಟೆಲಿಕಾಂ ಮಂತ್ರಿ ಎ. ರಾಜಾ ಸೇರಿ ಎಲ್ಲರನ್ನೂ ಖುಲಾಸೆ ಮಾಡಿತು. ಪ್ರಾಸಿಕ್ಯೂಷನ್ ಸಾಬೀತು ಮಾಡಲಿಲ್ಲ ಅಂತ. ಆಗ ಕೇಂದ್ರದಲ್ಲಿದ್ದದ್ದು ಅಧಿವೇಶನ ನಿಲ್ಲಿಸಿದ್ದ ಪಕ್ಷದ್ದೇ ಸರ್ಕಾರ.

2023ರಲ್ಲಿ ಪಾತ್ರ ಅದಲು ಬದಲು. ಅದಾನಿ ವಿಷಯಕ್ಕೆ ಜಂಟಿ ಸಮಿತಿ ಬೇಕು ಅಂತ ಕಾಂಗ್ರೆಸ್. ರಾಹುಲ್ ಗಾಂಧಿ ಕ್ಷಮೆ ಕೇಳಬೇಕು ಅಂತ ಬಿಜೆಪಿ. ಆ ಗಲಾಟೆಯಲ್ಲಿ ಮಾರ್ಚ್ 23ರಂದು ಲೋಕಸಭೆ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಖರ್ಚಿಗೆ ಚರ್ಚೆಯಿಲ್ಲದೆ ಒಪ್ಪಿಗೆ ಕೊಟ್ಟಿತು. ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕಾದ ದಿನವೇ ಅದು.

ನಮ್ಮ ವಿಧಾನಸಭೆಯಲ್ಲಿ 2025ರ ಮಾರ್ಚ್ 21. ಹನಿಟ್ರ್ಯಾಪ್ ಆರೋಪ, ಗುತ್ತಿಗೆ ಮೀಸಲಾತಿ, ಪೀಠದ ಮೇಲೆ ಕಾಗದ ಹರಿದು ಎಸೆದದ್ದು. 18 ಬಿಜೆಪಿ ಶಾಸಕರ ಅಮಾನತು. ಅಮಾನತು ಮಾಡಿದ ಸ್ಪೀಕರ್ ಯು.ಟಿ. ಖಾದರ್ ನಮ್ಮ ಮಂಗಳೂರು ಕ್ಷೇತ್ರದವರು. ಅಮಾನತಾದವರಲ್ಲಿ ಉಡುಪಿ, ಮಂಗಳೂರು ಉತ್ತರ, ಮೂಡುಬಿದಿರೆಯ ಶಾಸಕರು ಇದ್ದರು. ಅದೇ ದಿನ, ಅದೇ ಗದ್ದಲದಲ್ಲಿ, ಮಂತ್ರಿಗಳ ಮತ್ತು ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳೂ ಪಾಸಾದವು. ಅದಕ್ಕೆ ಯಾರೂ ಕಾಗದ ಎಸೆಯಲಿಲ್ಲ.

ಲೋಕಪಾಲದ್ದು ಇನ್ನೂ ವಿಚಿತ್ರ. ಮಸೂದೆ ಮೊದಲು ಬಂದದ್ದು 1968ರಲ್ಲಿ. ಕಾಯ್ದೆ ಆದದ್ದು 2013ರಲ್ಲಿ. ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರು ಇರಬೇಕು ಅಂತ ಬರೆದಿದ್ದರು. 2014ರಲ್ಲಿ ಯಾರಿಗೂ ಆ ಸ್ಥಾನ ಸಿಗಲಿಲ್ಲ. ಒಂದು ಸಣ್ಣ ತಿದ್ದುಪಡಿ ಸಾಕಿತ್ತು, ಅದು ಆಗಲಿಲ್ಲ. ತಿದ್ದುಪಡಿಗೆ ಕಾಯಬೇಕಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಮೊದಲ ಲೋಕಪಾಲರು ಬಂದದ್ದು 2019ರಲ್ಲಿ, ಪಿ.ಸಿ. ಘೋಷ್. ಜಯಲಲಿತಾ ಕೇಸಿನ ಕೊನೆಯ ತೀರ್ಪು ಕೊಟ್ಟ ಪೀಠದಲ್ಲಿದ್ದವರು.

2025ರ ಆಗಸ್ಟಿನಲ್ಲಿ 130ನೇ ಸಂವಿಧಾನ ತಿದ್ದುಪಡಿ ಮಸೂದೆ ಬಂತು. 5 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಆರೋಪದಲ್ಲಿ ಮಂತ್ರಿಯಾದವರು ಸತತ 30 ದಿನ ಕಸ್ಟಡಿಯಲ್ಲಿದ್ದರೆ ಹುದ್ದೆ ಹೋಗಬೇಕು ಅಂತ. ಕೇಳಲು ಚೆನ್ನಾಗಿದೆ. ಜೈಲಿನಿಂದ ಸರ್ಕಾರ ನಡೆಸುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಬಂಧನ ಪೊಲೀಸರ ಕೆಲಸ, ತೀರ್ಪಲ್ಲ. ಕೇಂದ್ರ ಸರ್ಕಾರವೇ 2025ರ ಮಾರ್ಚಿನಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರ ಇದೆ. ಹತ್ತು ವರ್ಷದಲ್ಲಿ ಇ.ಡಿ. (ಜಾರಿ ನಿರ್ದೇಶನಾಲಯ) ರಾಜಕಾರಣಿಗಳ ಮೇಲೆ ಹಾಕಿದ ಕೇಸು 193, ಶಿಕ್ಷೆಯಾದದ್ದು 2. ಹೀಗಿರುವಾಗ ಶುರುವಿಗೆ ಇನ್ನೂ ಜಾಸ್ತಿ ಬಲ ಕೊಟ್ಟರೆ ಮುಗಿಸುವ ಅವಸರ ಯಾರಿಗೆ ಇರುತ್ತದೆ? ಶಾಸಕ, ಸಂಸದರ ಕೇಸುಗಳನ್ನು ದೋಷಾರೋಪ ಹೊರಿಸಿದ ಒಂದು ವರ್ಷದಲ್ಲಿ ಮುಗಿಸಿ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 2018ರಿಂದ ಎರಡು ವರ್ಷದ ಗುರಿ ಇದೆ. ಕಾರಣ ಬರೆದು ಎಷ್ಟು ವಿಸ್ತರಿಸಿದರೂ ನಾಲ್ಕು ವರ್ಷ ಮೀರಬಾರದು. ಹೊಸ ತಿದ್ದುಪಡಿ ಬದಲು ಇದನ್ನು ಪಾಲಿಸಲು ಬೇಕಾದ ಕೋರ್ಟು, ವಕೀಲರು, ಸಿಬ್ಬಂದಿ ಕೊಟ್ಟರೆ ಸಾಕಿತ್ತು.

ಪ್ರಶ್ನೆಗಳಿಗೆ ಬರೋಣ.

ಕಾನೂನು ಓದುವ ಒಬ್ಬ ಹುಡುಗಿ ಕೇಳಿದಳು: ‘ಲಂಚ ಕೊಟ್ಟವರಿಗೂ ಶಿಕ್ಷೆ ಅಂತ ಆಗಿದೆಯಲ್ಲ, ಹಾಗಾದರೆ ದೂರು ಕೊಡುವವರು ಯಾರು ಸರ್?’ ಒಳ್ಳೆಯ ಪ್ರಶ್ನೆ. 2018ರ ತಿದ್ದುಪಡಿಯಲ್ಲಿ ಹಾಗಿದೆ. ಆದರೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ತಿಳಿಸಿದರೆ ಶಿಕ್ಷೆ ಇಲ್ಲ. ಮೊದಲೇ ತಿಳಿಸಿ, ಅವರು ಹೇಳಿದಂತೆ ಕೊಟ್ಟವರಿಗೂ ಇಲ್ಲ. ಈ 7 ದಿನದ ಮಾತನ್ನು ಕಚೇರಿಗಳ ಗೋಡೆಯ ಮೇಲೆ ನಾನು ಎಲ್ಲೂ ನೋಡಿಲ್ಲ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಸ್ವಲ್ಪ ಬಿಸಿಯಾಗಿಯೇ ಕೇಳಿದರು: ‘ನೀವು ಗದ್ದಲ ಬೇಡ ಅಂತೀರಿ. ಗದ್ದಲ ಮಾಡದಿದ್ದರೆ ಸರ್ಕಾರ ಕಿವಿ ಕೊಡುತ್ತದಾ ಮಾರಾಯ್ರೆ?’ ಅವರ ಮಾತಿನಲ್ಲಿ ಸತ್ಯ ಇದೆ. ಬಹುಮತ ಇರುವವರು ಚರ್ಚೆಗೇ ಬಿಡದಿದ್ದರೆ ಕೂಗುವುದು ಅನಿವಾರ್ಯ. ಒಂದು ದಿನ ಕೂಗಲಿ, ಎರಡು ದಿನ ಕೂಗಲಿ. ಆಮೇಲೆ ಪ್ರಶ್ನೋತ್ತರಕ್ಕೆ ಕೂರಲಿ. ‘ನಮ್ಮ ಜಿಲ್ಲೆಯಲ್ಲಿ ಎಷ್ಟು ನೌಕರರ ಮೇಲೆ ಪ್ರಾಸಿಕ್ಯೂಷನ್ ಅನುಮತಿ ಕೇಳಿ ಕಾಗದ ಬಂದಿದೆ, ಎಷ್ಟು ತಿಂಗಳಿಂದ ಬಾಕಿ ಇದೆ, ಯಾರ ಮೇಜಿನಲ್ಲಿದೆ’ ಅಂತ ಒಬ್ಬ ಶಾಸಕರು ಲಿಖಿತ ಪ್ರಶ್ನೆ ಕೇಳಲಿ. ಉತ್ತರ ಕೊಡಲೇಬೇಕಾಗುತ್ತದೆ. ಲೆಕ್ಕಪತ್ರ ಸಮಿತಿಯ ಅಧ್ಯಕ್ಷರು ವಿರೋಧ ಪಕ್ಷದವರೇ ಇರುತ್ತಾರೆ. ಅಲ್ಲಿ ಟಿವಿ ಕ್ಯಾಮೆರಾ ಇಲ್ಲ, ಫೈಲು ಇದೆ.

ಕೊನೆಗೆ ಒಬ್ಬರು, ನಾವು ಸಾಮಾನ್ಯರು ಏನು ಮಾಡಬಹುದು ಅಂದರು. ಮೊಬೈಲ್ ಇದೆಯಲ್ಲ? ನಿಮ್ಮ ಶಾಸಕರ, ಸಂಸದರ ನಾಮಪತ್ರದ ಜೊತೆ ನಮೂನೆ 26ರ ಅಫಿಡವಿಟ್ ಇರುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕೇಸು ಇದ್ದರೆ ಅದರ ನಂಬರು, ಕೋರ್ಟಿನ ಹೆಸರು ಅದರಲ್ಲಿ ಬರೆದಿರಬೇಕು. ಆ ನಂಬರನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿ. ಹಿಂದಿನ ವಾಯಿದೆಗಳು, ಮುಂದಿನ ವಾಯಿದೆ, ಯಾವ ಹಂತದಲ್ಲಿದೆ ಎಲ್ಲ ಬರುತ್ತದೆ. ಮುಂದಿನ ಸಲ ಅವರು ಮತ ಕೇಳಲು ಬಂದಾಗ, ‘ಸಾರ್, ನಿಮ್ಮ ಕೇಸಿನ ಕಳೆದ ವಾಯಿದೆಗೆ ಸಮಯ ಕೇಳಿದ್ದು ನಿಮ್ಮ ವಕೀಲರೋ, ಸರ್ಕಾರದವರೋ?’ ಅಂತ ಕೇಳಿ. ಎದುರು ಪಕ್ಷದವರು ಬಂದಾಗಲೂ ಅದನ್ನೇ ಕೇಳಿ.